ಪೆನ್‌ಡ್ರೈವಿಗೆ ಹಾಕುವುದು ಬೇರೆ, ಬರೆಯುವುದು ಬೇರೆ

(ಒಂದು ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಬೇರೆ ಎಲ್ಲಿಂದಲೋ ಮಾತು ಶುರು ಮಾಡೋಣ ಅಂತ ಬಂದಿದ್ದೆ. ಬಾಗಿಲಲ್ಲೇ ಒಬ್ಬ ಹುಡುಗ ನಿಲ್ಲಿಸಿ ಕೈಗೆ ಪೆನ್‌ಡ್ರೈವ್ ಕೊಟ್ಟ. 'ಸರ್, ಇದಕ್ಕೆ ಲಿನಕ್ಸ್ ಮಿಂಟ್ ಹಾಕಿದೀನಿ. ಮೂರು ಸಲ ಟ್ರೈ ಮಾಡಿದೆ, ಬೂಟೇ ಆಗ್ತಿಲ್ಲ' ಅಂದ. (ಮಿಂಟ್ ಅಂದರೆ ವಿಂಡೋಸಿನ ಬದಲು ಹಾಕಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ. ಬೂಟ್ ಆಗುವುದು ಅಂದರೆ ಅದರಿಂದ ಯಂತ್ರ ಶುರುವಾಗುವುದು.) ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದೆ. ಒಳಗೆ ಒಂದು ಹಾಡಿನ ಫೋಲ್ಡರ್, ಒಂದು ರೆಸ್ಯೂಮೆ, ಅವುಗಳ ಪಕ್ಕದಲ್ಲಿ ಸುಮಾರು 3 ಜಿಬಿಯ ಐಎಸ್‌ಒ ಫೈಲು. ಮೂರೂ ಅಕ್ಕಪಕ್ಕ ತಣ್ಣಗೆ ಕೂತಿವೆ.

ಅವನು ಮಾಡಿದ್ದು ದಡ್ಡತನ ಅಲ್ಲ. ಡೌನ್‌ಲೋಡ್ ಆಗಿದ್ದು ಒಂದು ಫೈಲು. ಫೈಲನ್ನು ಪೆನ್‌ಡ್ರೈವಿಗೆ ಹೇಗೆ ಹಾಕುತ್ತೇವೆ? ಕಾಪಿ, ಪೇಸ್ಟ್. ನಾನೂ ಮೊದಲ ಸಲ ಅದನ್ನೇ ಮಾಡಿದ್ದೆ. ಹಾಗಾಗಿ ಇವತ್ತಿನ ಮಾತೆಲ್ಲ ಈ ಪೆನ್‌ಡ್ರೈವಿನ ಮೇಲೆಯೇ. ಇದು ಯಾಕೆ ಬೂಟ್ ಆಗುವುದಿಲ್ಲ, ಏನು ಮಾಡಿದರೆ ಆಗುತ್ತದೆ, ಅಷ್ಟೇ.

ಈಗ ಇದರ ಅವಸರ ಯಾಕೆ ಅಂತಲೂ ಹೇಳಿಬಿಡುತ್ತೇನೆ. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಇರಬೇಕು. ಈ ಲ್ಯಾಬಿನ ಅರ್ಧ ಯಂತ್ರಗಳು ಅದಕ್ಕೂ ಹಿಂದಿನವು. ಕೀಬೋರ್ಡು ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. 4 ಜಿಬಿ ರ್‍ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಆರಾಮಾಗಿ ಓಡುತ್ತದೆ. 2 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ ಹಾಕಿ. ಓಡುತ್ತದೆ, ಆದರೆ ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದು ನನ್ನನ್ನು ಬೈಯಬೇಡಿ.

ಈಗ ವಿಷಯಕ್ಕೆ. ಪವರ್ ಬಟನ್ ಒತ್ತುತ್ತೀರಿ. ಆ ಹೊತ್ತಿಗೆ ಯಂತ್ರದೊಳಗೆ ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತ ಒಂದು ಸಣ್ಣ ಪ್ರೋಗ್ರಾಂ ಮಾತ್ರ ಎಚ್ಚರವಾಗಿರುತ್ತದೆ. ಹಳೆಯ ಯಂತ್ರದಲ್ಲಿ ಅದರ ಹೆಸರು ಬಯೋಸ್, ಹೊಸದರಲ್ಲಿ ಯುಇಎಫ್‌ಐ. ಇವೆರಡಕ್ಕೂ ಓದು ಬರಹ ಅಷ್ಟಕ್ಕಷ್ಟೇ.

ಬಯೋಸ್ ಮಾಡುವುದು ಇಷ್ಟು. ಡಿಸ್ಕಿನ ಮೊದಲ 512 ಬೈಟನ್ನು ಎತ್ತಿಕೊಳ್ಳುತ್ತದೆ. ಅದರ ಕೊನೆಯ ಎರಡು ಬೈಟ್ 55 ಮತ್ತು ಎಎ ಆಗಿದೆಯಾ ಅಂತ ನೋಡುತ್ತದೆ. ಇದ್ದರೆ, ಶುರುವಿನಲ್ಲಿರುವುದು ಪ್ರೋಗ್ರಾಂ ಅಂತ ನಂಬಿ ಅದಕ್ಕೆ ಯಜಮಾನಿಕೆ ಬಿಟ್ಟುಕೊಡುತ್ತದೆ. ಆ 512ರಲ್ಲಿ ಪಾರ್ಟಿಷನ್ ಪಟ್ಟಿಗೆ, ಅಂದರೆ ಡಿಸ್ಕನ್ನು ಹೇಗೆ ಭಾಗ ಮಾಡಿದೆ ಅನ್ನುವ ಪಟ್ಟಿಗೆ, 64 ಬೈಟ್, ಗುರುತಿಗೆ 2 ಬೈಟ್ ಹೋದರೆ ಪ್ರೋಗ್ರಾಮಿಗೆ ಉಳಿಯುವುದು 446. ಕನ್ನಡದ ಒಂದು ಅಕ್ಷರಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಅಂದರೆ 446 ಬೈಟಿನಲ್ಲಿ ಕನ್ನಡದ ಒಂದೆರಡು ಸಾಲು ಹಿಡಿಸಿದರೆ ಹೆಚ್ಚು. ಅಷ್ಟು ಜಾಗದಲ್ಲಿ ಒಂದು ಯಂತ್ರವನ್ನು ಎಬ್ಬಿಸುವ ಕೆಲಸ ಶುರುವಾಗಬೇಕು!

ಯುಇಎಫ್‌ಐ ಸ್ವಲ್ಪ ಜಾಣ. ಅದಕ್ಕೆ ಫ್ಯಾಟ್ ಮಾದರಿಯ ಪಾರ್ಟಿಷನ್ ಓದಲು ಬರುತ್ತದೆ. ಅದರೊಳಗೆ ಇಎಫ್‌ಐ ಅನ್ನುವ ಫೋಲ್ಡರು, ಅದರೊಳಗೆ ಬೂಟ್ ಅನ್ನುವ ಫೋಲ್ಡರು, ಅದರೊಳಗೆ ಬೂಟ್‌ಎಕ್ಸ್64 ಅನ್ನುವ ಫೈಲು ಇದೆಯಾ ಅಂತ ಹುಡುಕುತ್ತದೆ. ಸಿಕ್ಕರೆ ಓಡಿಸುತ್ತದೆ, ಇಲ್ಲದಿದ್ದರೆ ಮುಂದಿನ ಡಿಸ್ಕಿಗೆ ಹೋಗುತ್ತದೆ.

ಈಗ ಹುಡುಗನ ಪೆನ್‌ಡ್ರೈವಿಗೆ ಬನ್ನಿ. ಯುಇಎಫ್‌ಐ ಹುಡುಕುವ ಫೋಲ್ಡರುಗಳೆಲ್ಲ ಇವೆ, ಆದರೆ ಆ ಐಎಸ್‌ಒ ಫೈಲಿನ ಹೊಟ್ಟೆಯೊಳಗೆ ಇವೆ. ಹಸಿದವನ ಮುಂದೆ ಇಡೀ ಹಲಸಿನ ಹಣ್ಣು ಇಟ್ಟು ಕತ್ತಿ ಕೊಡದ ಹಾಗೆ. ತೊಳೆ ಒಳಗಿದೆ ಅಂತ ನಮಗೆ ಗೊತ್ತು. ಬಯೋಸಿಗಾಗಲಿ ಯುಇಎಫ್‌ಐಗಾಗಲಿ ಹಣ್ಣು ಕೊಯ್ಯಲು ಬರುವುದಿಲ್ಲ.

ಹಾಗಾದರೆ ಐಎಸ್‌ಒ ಅಂದರೆ ಏನು? ಅದು ಹೆಸರಿಗೆ ಫೈಲು. ನಿಜದಲ್ಲಿ ಒಂದು ಇಡೀ ಸಿಡಿಯ ಅಚ್ಚು. ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಸಿಡಿಯಲ್ಲಿ ಏನು ಎಲ್ಲಿರಬೇಕೋ ಅದು ಅಲ್ಲೇ ಇದೆ. ಐಎಸ್‌ಒ 9660 ಅನ್ನುವುದು 1988ರಲ್ಲಿ ಸಿಡಿಗಳಿಗಾಗಿ ಆದ ನಿಯಮ. ಅದರ ಹೆಸರೇ ಫೈಲಿಗೂ ಉಳಿದುಬಿಟ್ಟಿದೆ. ನಿಮ್ಮಲ್ಲಿ ಎಷ್ಟು ಜನ ಸಿಡಿ ಡ್ರೈವ್ ಬಳಸಿದ್ದೀರಿ? (ಎರಡು ಕೈ ಎದ್ದವು, ಎರಡೂ ಮೇಷ್ಟ್ರುಗಳದ್ದು.) ನಮ್ಮ ಕಾಲದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು. ಆಮೇಲೆ ಉಬುಂಟುವಿನವರು ಕೇಳಿದವರ ಮನೆಗೆ ಪುಕ್ಕಟೆ ಸಿಡಿ ಕಳಿಸುತ್ತಿದ್ದರು. ಅಂಚೆಯಣ್ಣ ಲಕೋಟೆ ತಂದು ಕೊಡುವುದು, ಅದನ್ನು ಹರಿಯದೆ ಜೋಪಾನವಾಗಿ ಬಿಡಿಸುವುದು. 2011ರಲ್ಲಿ ಅದನ್ನು ನಿಲ್ಲಿಸಿದರು.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಐಎಸ್‌ಒ 9660 ನಿಯಮ ಮಾಡಿದವರು ಸಿಡಿಯ ಶುರುವಿನ 16 ಸೆಕ್ಟರುಗಳನ್ನು ಮುಟ್ಟದೆ ಬಿಟ್ಟರು. ಒಂದೊಂದು ಸೆಕ್ಟರ್ 2048 ಬೈಟ್. ಒಟ್ಟು 32 ಕೆಬಿ. ಅಲ್ಲಿ ಏನಿರಬೇಕು ಅಂತ ನಿಯಮ ಏನೂ ಹೇಳುವುದಿಲ್ಲ. ಮನೆಯ ಮುಂದೆ ಜಗಲಿ ಬಿಟ್ಟ ಹಾಗೆ. ಸಿಡಿಯಿಂದ ಬೂಟ್ ಮಾಡುವ ವಿಧಾನವನ್ನು 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂನವರು ಸೇರಿ ಬರೆದರು. ಅದರ ಹೆಸರು ಎಲ್ ಟೊರಿಟೊ. ಅದು ಕ್ಯಾಲಿಫೋರ್ನಿಯಾದ ಒಂದು ಹೋಟೆಲಿನ ಹೆಸರು, ಅಲ್ಲಿ ಊಟಕ್ಕೆ ಕೂತು ಅದರ ಯೋಚನೆ ಮಾಡಿದರಂತೆ. ನಮ್ಮಲ್ಲಾಗಿದ್ದರೆ ದರ್ಶಿನಿ ಅಂತ ಹೆಸರಿಡುತ್ತಿದ್ದರೋ ಏನೋ. ಇರಲಿ. ಎಲ್ ಟೊರಿಟೊ ಕೂಡ ಆ ಜಗಲಿಯನ್ನು ಬಳಸಲಿಲ್ಲ. ಅದರ ಗುರುತು ಇರುವುದು 17ನೇ ನಂಬರಿನ ಸೆಕ್ಟರಿನಲ್ಲಿ, ಅಂದರೆ ಮನೆಯ ಒಳಗೆ.

ಆಮೇಲೆ ಪೆನ್‌ಡ್ರೈವ್ ಬಂತು. ಬಯೋಸ್ ಪೆನ್‌ಡ್ರೈವನ್ನು ಸಿಡಿ ಅಂತ ನೋಡುವುದಿಲ್ಲ, ಹಾರ್ಡ್‌ಡಿಸ್ಕ್ ಅಂತ ನೋಡುತ್ತದೆ. ಮೊದಲ 512 ಬೈಟ್ ಕೇಳುತ್ತದೆ. ಸಿಡಿಯ ಅಚ್ಚಿನಲ್ಲಿ ಅಲ್ಲಿ ಏನಿದೆ? ಬರೀ ಸೊನ್ನೆ. ಆಗ ಸಿಸ್‌ಲಿನಕ್ಸ್ ಅನ್ನುವ ಬೂಟ್ ಲೋಡರ್ ಮಾಡಿದ ಎಚ್. ಪೀಟರ್ ಆನ್ವಿನ್ ಮತ್ತು ಗೆಳೆಯರು, ಆ ಖಾಲಿ ಜಗಲಿಯಲ್ಲೇ ಹಾರ್ಡ್‌ಡಿಸ್ಕಿಗೆ ಬೇಕಾದ ಬೂಟ್ ಸೆಕ್ಟರ್ ಕೂರಿಸಿಬಿಟ್ಟರು. ಇದಕ್ಕೆ ಐಸೊಹೈಬ್ರಿಡ್ ಅನ್ನುತ್ತಾರೆ. ಸಿಡಿ ಅಂತ ನೋಡಿದವನಿಗೆ ಸಿಡಿ, ಹಾರ್ಡ್‌ಡಿಸ್ಕ್ ಅಂತ ನೋಡಿದವನಿಗೆ ಹಾರ್ಡ್‌ಡಿಸ್ಕ್. ಒಂದೇ ಫೈಲು, ಎರಡು ಮುಖ. ಯಾರೋ ಯಾವತ್ತೋ ಏನೂ ಕಟ್ಟದೆ ಬಿಟ್ಟ ಜಾಗ ಇಪ್ಪತ್ತು ವರ್ಷ ಆದಮೇಲೆ ಕೆಲಸಕ್ಕೆ ಬಂತು.

ಇದು ಕೆಲಸ ಮಾಡಬೇಕಾದರೆ ಒಂದೇ ಷರತ್ತು. ಫೈಲಿನ ಮೊದಲ ಬೈಟು ಪೆನ್‌ಡ್ರೈವಿನ ಮೊದಲ ಬೈಟೇ ಆಗಬೇಕು. ಕಾಪಿ, ಪೇಸ್ಟ್ ಮಾಡಿದಾಗ ಫೈಲು ಎಲ್ಲೋ ನಡುವೆ ಹೋಗಿ ಕೂರುತ್ತದೆ, ಪೆನ್‌ಡ್ರೈವಿನ ಮೊದಲ 512 ಬೈಟಿನಲ್ಲಿ ಹಳೆಯ ಪಾರ್ಟಿಷನ್ ಪಟ್ಟಿಯೇ ಇರುತ್ತದೆ. ಹಾಗಾಗಿ ಪೆನ್‌ಡ್ರೈವಿನ 'ಒಳಗೆ' ಹಾಕುವುದಲ್ಲ, ಪೆನ್‌ಡ್ರೈವಿನ 'ಮೇಲೆ' ಬರೆಯಬೇಕು. ಮೊದಲು ಇದ್ದದ್ದೆಲ್ಲ ಹೋಗುತ್ತದೆ. ಅದಕ್ಕೇ ಹುಡುಗನ ಹಾಡು, ರೆಸ್ಯೂಮೆ ಎರಡನ್ನೂ ಮೊದಲು ಲ್ಯಾಬಿನ ಯಂತ್ರಕ್ಕೆ ಕಾಪಿ ಮಾಡಿಟ್ಟೆವು.

ಇನ್ನು ಡೌನ್‌ಲೋಡ್. ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್ ಇರುವವರಿಗೆ 3 ಜಿಬಿ ಫೈಲು ಎರಡು ದಿನದ ಕೆಲಸ. ನಡುವೆ ಕಡಿದರೆ ಬ್ರೌಸರ್ ಕೆಲವು ಸಲ ಮತ್ತೆ ಮೊದಲಿಂದ ಶುರು ಮಾಡಿ ಹೊಟ್ಟೆ ಉರಿಸುತ್ತದೆ. ಟೊರೆಂಟ್ ಫೈಲನ್ನು ಅಧಿಕೃತ ತಾಣದಲ್ಲೇ ಕೊಟ್ಟಿರುತ್ತಾರೆ, ಅದನ್ನು ಬಳಸಿ. ಟೊರೆಂಟ್ ಅಂದರೆ ಕದ್ದ ಸಿನಿಮಾ ಮಾತ್ರ ಅಲ್ಲ. ಬಿಟ್ಟಲ್ಲಿಂದ ಮುಂದುವರಿಸುತ್ತದೆ, ತುಂಡುತುಂಡಾಗಿ ಸರಿಯಿದೆಯಾ ಅಂತ ನೋಡಿಕೊಳ್ಳುತ್ತದೆ.

ಡೌನ್‌ಲೋಡ್ ಆದಮೇಲೆ ಶಾ-256 ಮೊತ್ತ, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ ಗುರುತನ್ನು, ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ. 64 ಅಕ್ಷರ, ಅಂಕಿಗಳ ಒಂದು ಸಾಲು. ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ಮೊದಲೇ ಇದೆ, ಲಿನಕ್ಸಿನಲ್ಲಿ ಶಾ256ಸಮ್. ಇದು ಸುಮ್ನೆ ಹೇಳುವ ಮಡಿವಂತಿಕೆ ಅಲ್ಲ. 2016ರ ಫೆಬ್ರುವರಿ 20ರಂದು ಯಾರೋ ಲಿನಕ್ಸ್ ಮಿಂಟ್ ತಾಣಕ್ಕೇ ನುಗ್ಗಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಇಟ್ಟ ಐಎಸ್‌ಒ ಹಂಚಿದ್ದರು. ಅವತ್ತು ಇಳಿಸಿಕೊಂಡವರಿಗೆ ಫೈಲು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಮೊತ್ತದ ಜೊತೆ ಹೋಲಿಸಿದರೆ ಮಾತ್ರ ಗೊತ್ತಾಗುತ್ತಿತ್ತು.

'ಸರ್, ತಾಣಕ್ಕೇ ನುಗ್ಗಿದವರು ಮೊತ್ತವನ್ನೂ ಬದಲಾಯಿಸಬಹುದಲ್ವಾ?' ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಇವತ್ತಿನ ಒಳ್ಳೆಯ ಪ್ರಶ್ನೆ ಇದೇ. ಬದಲಾಯಿಸಬಹುದು. ಅದಕ್ಕೇ ಮೊತ್ತದ ಫೈಲಿಗೆ ಜಿಪಿಜಿ ಅನ್ನುವ ಡಿಜಿಟಲ್ ಸಹಿ ಇರುತ್ತದೆ. ಆ ಸಹಿಯ ಖಾಸಗಿ ಕೀ ತಾಣದಲ್ಲಿ ಇರುವುದಿಲ್ಲ. ಪುರುಸೊತ್ತು ಇದ್ದವರು ಅದನ್ನೂ ನೋಡಿ. ಇಲ್ಲದವರು ಮೊತ್ತವನ್ನು ಕನಿಷ್ಠ ಬೇರೊಂದು ಮಿರರ್ (ನಕಲು) ತಾಣದಲ್ಲಿರುವುದರ ಜೊತೆ ಹೋಲಿಸಿ.

ಬರೆಯುವ ಸಾಧನಗಳು ಬೇಕಾದಷ್ಟಿವೆ. ವಿಂಡೋಸಿನಲ್ಲಿದ್ದರೆ ರೂಫಸ್. ಸಣ್ಣ ಫೈಲು, ಇನ್‌ಸ್ಟಾಲ್ ಕೂಡ ಬೇಡ. ಸ್ಟಾರ್ಟ್ ಒತ್ತಿದಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ಐಎಸ್‌ಒ ಮೋಡಾ, ಡಿಡಿ ಮೋಡಾ? ಜನ ಅದನ್ನು ಓದದೆ ಓಕೆ ಒತ್ತುತ್ತಾರೆ. ಇಷ್ಟು ಹೊತ್ತು ಮಾತಾಡಿದ್ದೇ ಅದು. ಡಿಡಿ ಮೋಡ್ ಅಂದರೆ ಅಚ್ಚನ್ನು ಬೈಟಿಗೆ ಬೈಟು ಹಾಗೇ ಬರೆಯುವುದು. ಐಎಸ್‌ಒ ಮೋಡ್ ಅಂದರೆ ರೂಫಸ್ ತಾನೇ ಹಣ್ಣು ಬಿಡಿಸಿ, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ತೊಳೆಗಳನ್ನು ಜೋಡಿಸಿಡುವುದು. ಮೊದಲು ಐಎಸ್‌ಒ ಮೋಡ್ ನೋಡಿ, ಬೂಟ್ ಆಗದಿದ್ದರೆ ಡಿಡಿ.

ಎಚರ್ ಇನ್ನೂ ಸುಲಭ. ಮೂರೇ ಬಟನ್, ಬರೆದಮೇಲೆ ಸರಿಯಾಗಿ ಬರೆದೆನಾ ಅಂತ ತಾನೇ ಓದಿ ನೋಡುತ್ತದೆ. ಈಗಾಗಲೇ ಮಿಂಟ್ ಇರುವವರಿಗೆ ಮೆನುವಿನಲ್ಲೇ ಯುಎಸ್‌ಬಿ ಇಮೇಜ್ ರೈಟರ್ ಇದೆ.

ವೆಂಟಾಯ್ ಕಥೆ ಬೇರೆ. 2020ರಲ್ಲಿ ಬಂದದ್ದು. ಅದನ್ನು ಒಮ್ಮೆ ಪೆನ್‌ಡ್ರೈವಿಗೆ ಇನ್‌ಸ್ಟಾಲ್ ಮಾಡಿದರೆ ಸಾಕು, ಆಮೇಲೆ ಐಎಸ್‌ಒ ಫೈಲುಗಳನ್ನು ಮಾಮೂಲಿಯಾಗಿ ಕಾಪಿ ಮಾಡಿಕೊಂಡು ಹೋಗಿ. ಮಿಂಟ್, ಡೆಬಿಯನ್, ಫೆಡೋರಾ, ಜಾಗ ಇರುವಷ್ಟು. ಬೂಟ್ ಮಾಡಿದಾಗ ಪಟ್ಟಿ ತೋರಿಸಿ 'ಯಾವುದು ಬೇಕು' ಅನ್ನುತ್ತದೆ. ಪೆನ್‌ಡ್ರೈವಿನ ಕೊನೆಯಲ್ಲಿ 32 ಎಂಬಿಯ ಸಣ್ಣ ಪಾರ್ಟಿಷನ್ ಮಾಡಿಕೊಂಡು ಅಲ್ಲಿ ಕತ್ತಿ ಹಿಡಿದು ಕೂತಿರುತ್ತದೆ. ನಮ್ಮ ಹುಡುಗ ಮಾಡಿದ ಕಾಪಿ, ಪೇಸ್ಟ್ ವೆಂಟಾಯ್ ಪೆನ್‌ಡ್ರೈವಿನಲ್ಲಾಗಿದ್ದರೆ ಸರಿಯಾಗಿಯೇ ಓಡುತ್ತಿತ್ತು. ಹಾಡಿನ ಫೋಲ್ಡರೂ ಪಕ್ಕದಲ್ಲೇ ಇರಬಹುದಿತ್ತು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುವುದು ಇದೇ.

ಇನ್ನು ಲಿನಕ್ಸಿನ ಡಿಡಿ ಕಮಾಂಡ್. ಇದನ್ನು 'ಡಿಸ್ಕ್ ಡೆಸ್ಟ್ರಾಯರ್' ಅಂತ ತಮಾಷೆ ಮಾಡುತ್ತಾರೆ. ನನ್ನ ಪಾಲಿಗೆ ಅದು ತಮಾಷೆ ಆಗಿರಲಿಲ್ಲ. ಡಿಡಿಗೆ ಎರಡು ಮಾತು ಹೇಳಬೇಕು: ಯಾವ ಫೈಲಿನಿಂದ, ಯಾವ ಡಿಸ್ಕಿಗೆ. ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಅಂತ ಹೆಸರು. ಈ ಹೆಸರು ಡಿಸ್ಕಿನ ಮೇಲೆ ಬರೆದಿರುವುದಿಲ್ಲ, ಸಾಮಾನ್ಯವಾಗಿ ಮೊದಲು ಸಿಕ್ಕಿದ್ದಕ್ಕೆ ಮೊದಲ ಹೆಸರು. ಆವತ್ತು ಅಕ್ಕನ 1 ಟಿಬಿ ಹಾರ್ಡ್‌ಡಿಸ್ಕ್ ಚುಚ್ಚಿಕೊಂಡು ಏನೋ ಕಾಪಿ ಮಾಡುತ್ತಿದ್ದೆ. ಆಮೇಲೆ ಪೆನ್‌ಡ್ರೈವ್ ಚುಚ್ಚಿದೆ. ಹಿಂದಿನ ದಿನ ಪೆನ್‌ಡ್ರೈವ್ ಎಸ್‌ಡಿಬಿ ಆಗಿತ್ತು. ಹಳೇ ಕಮಾಂಡನ್ನು ಮೇಲಿನ ಬಾಣದ ಕೀಲಿಯಿಂದ ಎತ್ತಿ ಎಂಟರ್ ಒತ್ತಿದೆ. ಅವತ್ತು ಎಸ್‌ಡಿಬಿ ಅಕ್ಕನ ಹಾರ್ಡ್‌ಡಿಸ್ಕ್.

ಡಿಡಿ ಕೇಳುವುದಿಲ್ಲ. 'ಖಂಡಿತಾನಾ?' ಅನ್ನುವ ಸೌಜನ್ಯ ಅದಕ್ಕಿಲ್ಲ. ಪೆನ್‌ಡ್ರೈವಿನ ದೀಪ ಮಿನುಗುತ್ತಿಲ್ಲ, ಹಾರ್ಡ್‌ಡಿಸ್ಕಿನದು ಮಿನುಗುತ್ತಿದೆ ಅಂತ ಕಂಡಾಗ ಕಂಟ್ರೋಲ್-ಸಿ ಒತ್ತಿದೆ. ಅಷ್ಟರಲ್ಲಿ ಶುರುವಿನ ಒಂದೂವರೆ ಜಿಬಿ ಹೋಗಿತ್ತು. ಪಾರ್ಟಿಷನ್ ಪಟ್ಟಿಯೇ ಹೋದಮೇಲೆ ಉಳಿದ ಡಿಸ್ಕು ತಾಳೆಗರಿಯ ದಾರ ಕಿತ್ತ ಹಾಗೆ. ಫೋಟೊರೆಕ್ ಅನ್ನುವ ಸಾಧನದಿಂದ ಬಹಳಷ್ಟು ಫೋಟೋ ಸಿಕ್ಕವು. ಆದರೆ ಅದು ಫೈಲಿನ ಹೆಸರು, ಫೋಲ್ಡರು ಒಂದನ್ನೂ ಮರಳಿ ಕೊಡುವುದಿಲ್ಲ, ಬರೀ ಎಫ್ ಅಕ್ಷರ, ಮುಂದೆ ಉದ್ದದ ಅಂಕಿ. ಸೀಮಂತದ ಫೋಟೋ, ಆಫೀಸಿನ ಸ್ಕ್ಯಾನ್ ಕಾಪಿ, ಬ್ರೌಸರಿನ ಐಕಾನು ಎಲ್ಲ ಒಂದೇ ರಾಶಿ. ಅಕ್ಕ ಬೈಯಲಿಲ್ಲ. 'ಕೂತ್ಕೊಂಡು ವಿಂಗಡಿಸು' ಅಂದಳು, ಅಷ್ಟೇ. ಮೂರು ಭಾನುವಾರ ಹಿಡಿಯಿತು.

ಅವತ್ತಿನಿಂದ ಬರೆಯುವ ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಡಿಸ್ಕಿನ ಗಾತ್ರ ನೋಡುತ್ತೇನೆ. 931 ಜಿಬಿ ಅಂತ ತೋರಿಸಿದ್ದು ಪೆನ್‌ಡ್ರೈವ್ ಅಲ್ಲ. ಬೇರೆ ಹಾರ್ಡ್‌ಡಿಸ್ಕುಗಳನ್ನೆಲ್ಲ ಕಿತ್ತಿಡುತ್ತೇನೆ.

ಇನ್ನೊಂದು ವಿಚಿತ್ರ ಹೇಳಬೇಕು. ಡಿಡಿ ಕೆಲವು ಸಲ ಅರ್ಧ ನಿಮಿಷದಲ್ಲೇ ಎಲ್ಲ ಬರೆದೆ ಅನ್ನುತ್ತದೆ. ನಂಬಬೇಡಿ. ಅದು ರ್‍ಯಾಮಿಗೆ ತುಂಬಿಸಿದೆ ಅಷ್ಟೇ, ಪೆನ್‌ಡ್ರೈವಿಗೆ ಇನ್ನೂ ಇಳಿಯುತ್ತಿದೆ. ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ 6 ಎಂಬಿ ಬರೆದರೆ 3 ಜಿಬಿಗೆ ಎಂಟು ನಿಮಿಷವಾದರೂ ಬೇಕು, ಲೆಕ್ಕ ಹಾಕಿ ನೋಡಿ. ಸಿಂಕ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಪ್ರಾಂಪ್ಟ್ ಮರಳಿ ಬರುವವರೆಗೆ ಕಾಯಿರಿ. ಅಥವಾ ಇಜೆಕ್ಟ್ ಮಾಡಿ. ಅರ್ಧ ಬರೆದ ಪೆನ್‌ಡ್ರೈವ್ ಬೂಟ್ ಆಗುತ್ತದೆ, ನಡುವೆ ಎಲ್ಲೋ ಕೈ ಕೊಡುತ್ತದೆ. ಅದು ಜಾಸ್ತಿ ತಲೆನೋವು.

ಇನ್ನೂರು ಮುನ್ನೂರು ರೂಪಾಯಿಗೆ 1 ಟಿಬಿ ಅಂತ ಸಿಗುವ ಪೆನ್‌ಡ್ರೈವ್ ಕೊಳ್ಳಬೇಡಿ. ಒಳಗೆ ನಿಜವಾಗಿ ಇರುವುದು ಕೆಲವೇ ಜಿಬಿ, ಹೊರಗೆ ಹೇಳುವುದು ಸುಳ್ಳು. ಜಾಗ ಮುಗಿದಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಅನುಮಾನ ಬಂದರೆ ಎಫ್3 ಅನ್ನುವ ಸಾಧನದಿಂದ ತುಂಬಿಸಿ ಓದಿ ನೋಡಬಹುದು. ಮಿಂಟಿಗೆ 4 ಜಿಬಿ ಸಾಕು, ಉಬುಂಟು 24.04ಕ್ಕೆ 8 ಜಿಬಿ ಬೇಕು.

ಸರಿ, ಪೆನ್‌ಡ್ರೈವ್ ಬರೆದಾಯಿತು. ಈಗ ಬೂಟ್ ಮಾಡೋಣ. (ಇಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಯ್ಯೋ ಅಂದಿತು. ಹತ್ತು ನಿಮಿಷ ಟೀ.)

ಯಂತ್ರ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀ ಒತ್ತಬೇಕು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಫ್9. ಕೆಲವು ಲೆನೊವೊ ಲ್ಯಾಪ್‌ಟಾಪಿನ ಪಕ್ಕದಲ್ಲಿ ಪಿನ್ ಚುಚ್ಚುವಂಥ ಸಣ್ಣ ತೂತಿನ ಬಟನ್ ಇರುತ್ತದೆ, ಆಫ್ ಆಗಿರುವಾಗ ಅದನ್ನು ಒತ್ತಿದರೆ ಮೆನು ಬರುತ್ತದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡಿ. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ.

ನೋಡಿ, ಪರದೆಯ ಮೇಲೆ ನಮ್ಮ ಪೆನ್‌ಡ್ರೈವ್ ಎರಡು ಸಲ ಕಾಣುತ್ತಿದೆ. ಒಂದರ ಮುಂದೆ ಯುಇಎಫ್‌ಐ ಅಂತ ಇದೆ, ಇನ್ನೊಂದರ ಮುಂದೆ ಇಲ್ಲ. ಪೆನ್‌ಡ್ರೈವ್ ಒಂದೇ, ಬಾಗಿಲು ಎರಡು. ಆಗ ಹೇಳಿದ ಎರಡು ಮುಖ ಇಲ್ಲಿ ಕಣ್ಣಿಗೆ ಕಾಣುತ್ತದೆ. ಯಂತ್ರದಲ್ಲಿ ವಿಂಡೋಸ್ ಯುಇಎಫ್‌ಐ ದಾರಿಯಲ್ಲಿ ಇದ್ದು ಅದನ್ನೂ ಉಳಿಸಿಕೊಳ್ಳಬೇಕಾದರೆ ಲಿನಕ್ಸನ್ನೂ ಅದೇ ಬಾಗಿಲಿಂದ ಒಳಗೆ ಕರೆಯಿರಿ. ಒಂದು ಆ ದಾರಿ, ಇನ್ನೊಂದು ಈ ದಾರಿ ಆದರೆ ಆಮೇಲೆ ಬೂಟ್ ಮೆನುವಿನಲ್ಲಿ ವಿಂಡೋಸ್ ಕಾಣೆಯಾಗಿ ಗಾಬರಿ ಬೀಳುತ್ತೀರಿ.

ಸೆಕ್ಯೂರ್ ಬೂಟ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ನಂಬಿಕೆಯ ಸಹಿ ಇಲ್ಲದ ಪ್ರೋಗ್ರಾಂ ಬೂಟ್ ಆಗಲು ಬಿಡದ ಕಾವಲು ಅದು. ಉಬುಂಟು, ಮಿಂಟ್, ಫೆಡೋರಾಗಳ ಮೊದಲ ಬೂಟ್ ಪ್ರೋಗ್ರಾಮಿಗೆ ಮೈಕ್ರೋಸಾಫ್ಟ್ ಸಹಿ ಇದೆ, ಆಫ್ ಮಾಡುವ ಅಗತ್ಯ ಬಹಳ ಸಲ ಬರುವುದಿಲ್ಲ. ಆಫ್ ಮಾಡಲೇಬೇಕಾದರೆ ಮೊದಲು, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ನಿಮ್ಮ ಡಿಸ್ಕು ನಿಮಗೇ ಬಾಗಿಲು ತೆಗೆಯದೆ ಹೋಗಬಹುದು.

ಮಿಂಟ್ ಬಂತು. ಇದು ಲೈವ್ ಸೆಷನ್, ಪೆನ್‌ಡ್ರೈವಿನಿಂದಲೇ ಓಡುತ್ತಿದೆ. ಇನ್‌ಸ್ಟಾಲ್ ಐಕಾನ್ ಒತ್ತಿ ಮುಂದೆ ಹೋಗುವವರೆಗೆ ನಿಮ್ಮ ಹಾರ್ಡ್‌ಡಿಸ್ಕನ್ನು ಮುಟ್ಟುವುದಿಲ್ಲ. ಅವಸರ ಬೇಡ. ವೈಫೈ ಬರುತ್ತದಾ, ಸೌಂಡ್ ಬರುತ್ತದಾ, ಕ್ಯಾಮೆರಾ ಬರುತ್ತದಾ ಅಂತ ನೋಡಿ. ಕೆಲವು ವೈಫೈ ಚಿಪ್‌ಗಳಿಗೆ ಡ್ರೈವರ್ ಬೇರೆ ಹಾಕಬೇಕು. ಡ್ರೈವರಿಗೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಡ್ರೈವರ್ ಬೇಕು! ಆಗ ಮೊಬೈಲನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ತಕ್ಷಣ ನೆಟ್ ಬರುತ್ತದೆ.

ಕನ್ನಡ ಟೈಪಿಂಗ್ ಕೂಡ ಇಲ್ಲೇ ನೋಡಬಹುದು. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ಕನ್ನಡ ಕಗಪ ಅಂತ ಇದೆ. ನುಡಿ ಬಳಸಿದವರಿಗೆ ಬೆರಳು ತಾನೇ ಓಡುತ್ತದೆ. ಹುಡುಗ ತನ್ನ ಹೆಸರು ಟೈಪ್ ಮಾಡಿದ, ಒತ್ತಕ್ಷರವೂ ಸರಿಯಾಗಿ ಬಂತು.

ಇನ್‌ಸ್ಟಾಲ್ ಬಗ್ಗೆ ಒಂದೇ ಮಾತು. 'ಇರೇಸ್ ಡಿಸ್ಕ್' ಅನ್ನುವ ಆಯ್ಕೆ ಹೇಳಿದ್ದನ್ನೇ ಮಾಡುತ್ತದೆ. ಅಕ್ಕನ ಹಾರ್ಡ್‌ಡಿಸ್ಕ್ ನೆನಪಿಟ್ಟುಕೊಂಡು ಒತ್ತಿ.

ಕೊನೆಗೆ ಹುಡುಗನೇ ಕೇಳಿದ. 'ಸರ್, ಇದರಲ್ಲಿ ಮತ್ತೆ ಹಾಡು ಹಾಕ್ಬಹುದಾ? ವಿಂಡೋಸಲ್ಲಿ ಹಾಕಿದ್ರೆ ಬರೀ ಕೆಲವು ಎಂಬಿ ತೋರಿಸ್ತಿದೆ, ಫಾರ್ಮ್ಯಾಟ್ ಮಾಡು ಅಂತಿದೆ. ಹಾಳಾಯ್ತಾ?'

ಹಾಳಾಗಿಲ್ಲ. ಹೀಗೆ ಅಂದುಕೊಂಡು ಒಳ್ಳೆಯ ಪೆನ್‌ಡ್ರೈವ್ ಎಸೆದವರನ್ನು ನಾನು ಬಲ್ಲೆ. ವಿಂಡೋಸಿಗೆ ಆ ಅಚ್ಚಿನ ಸಣ್ಣ ಇಎಫ್‌ಐ ಪಾರ್ಟಿಷನ್ ಮಾತ್ರ ಅರ್ಥವಾಗುತ್ತಿದೆ, ಉಳಿದದ್ದು ಅರ್ಥವಾಗುತ್ತಿಲ್ಲ. ಡಿಸ್ಕ್‌ಪಾರ್ಟ್ ಅನ್ನುವ ವಿಂಡೋಸ್ ಕಮಾಂಡ್ ತೆರೆದು, ಲಿಸ್ಟ್ ಡಿಸ್ಕ್ ಅಂತ ಕೊಟ್ಟು, ಗಾತ್ರ ನೋಡಿ ಪೆನ್‌ಡ್ರೈವನ್ನೇ ಸೆಲೆಕ್ಟ್ ಮಾಡಿ, ಕ್ಲೀನ್ ಅಂತ ಕೊಡು. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹೊಸ ಪಾರ್ಟಿಷನ್ ಮಾಡು. ಪೂರ್ತಿ 16 ಜಿಬಿ ಮರಳಿ ಬರುತ್ತದೆ. ಹಾಡಿನ ಫೋಲ್ಡರ್ ಆ ಮೂಲೆಯ ಯಂತ್ರದ ಡಿ ಡ್ರೈವಿನಲ್ಲಿದೆ, ಲ್ಯಾಬ್ ಬೀಗ ಹಾಕುವ ಮೊದಲು ತೆಗೆದುಕೊಂಡು ಹೋಗು.